ಕ್ಲಚ್ ಪೆಡಲ್ ಮೇಲೆ ಬರ್ತಿಲ್ವಾ? ಗೇರ್‌ಬಾಕ್ಸ್‌ಗೆ ಕೈ ಹಾಕುವ ಮೊದಲು ಇಷ್ಟು ನೋಡಿ

ಮಳೆಗಾಲ ಮುಗಿದ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ಶಿವಮೊಗ್ಗದ ನನ್ನ ಗ್ಯಾರೇಜಿಗೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ತಂದರು. ಅವರ ತಂದೆ ಕೊಂಡಿದ್ದ ಕಾರು. ಬೆಳಿಗ್ಗೆ ಹೊರಡುವಾಗ ಕ್ಲಚ್ ಸರಿಯಾಗೇ ಇತ್ತಂತೆ. ಮಂಡಗದ್ದೆ ದಾಟಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪೆಡಲ್ ಒತ್ತಿದರೆ ಅಲ್ಲೇ ಕೂತುಬಿಡುತ್ತಿತ್ತು, ಗಾಜನೂರು ಬರುವಷ್ಟರಲ್ಲಿ ಪ್ರತಿ ಸಲ ಪಾದದ ತುದಿ ಅಡಿಗೆ ಕೊಟ್ಟು ಎತ್ತಬೇಕಾಯಿತು. ಅದಕ್ಕೂ ಮೊದಲು ಬೇರೊಂದು ಕಡೆ ತೋರಿಸಿದ್ದರು. ಅಲ್ಲಿ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಬಿಚ್ಚಲೇಬೇಕು ಅಂದಿದ್ದರು.

ಹೆರಾಲ್ಡ್‌ನಲ್ಲಿ ಗೇರ್‌ಬಾಕ್ಸ್ ಬಿಚ್ಚೋದು ಅಂದರೆ ಸಣ್ಣ ಕೆಲಸ ಅಲ್ಲ. ಅದು ಕೆಳಗಿನಿಂದ ಬರೋದಿಲ್ಲ. ಸೀಟು ತೆಗೆದು, ನಡುವಿನ ಟನಲ್ ಕವರ್ ತೆಗೆದು, ಕಾರಿನ ಒಳಗಿನಿಂದಲೇ ಎತ್ತಬೇಕು. ಮದರಾಸಿನಲ್ಲಿ 1961ರಿಂದ 1971ರವರೆಗೆ ತಯಾರಾದ ಕಾರು ಇದು. ಈಗ ಬಿಚ್ಚುವಾಗ ಒಂದು ಭಾಗ ಮುರಿದರೆ ಇನ್ನೊಂದನ್ನು ಎಲ್ಲಿಂದ ತರ್ತೀರಿ?

"ಗೌಡ್ರೇ, ಗೇರ್‌ಬಾಕ್ಸ್ ಸದ್ಯಕ್ಕೆ ಹಾಗೇ ಇರಲಿ. ಒಂದು ಪಿನ್ ಬಿಚ್ಚಿ ನೋಡೋಣ" ಅಂದೆ.

ಪೆಡಲ್‌ನಿಂದ ಕ್ಲಚ್ ಪ್ಲೇಟ್‌ವರೆಗಿನ ದಾರಿಯನ್ನು ತುಂಡು ತುಂಡಾಗಿ ನೋಡಬೇಕು. ನಾನು ಯಾವಾಗಲೂ ಕಾಲಿನ ಕಡೆಯಿಂದ ಶುರು ಮಾಡುತ್ತೇನೆ. ಎಂಜಿನ್ ಆಫ್ ಮಾಡಿ, ಮ್ಯಾಟ್ ತೆಗೆದು ಪಕ್ಕಕ್ಕೆ ಇಡಿ. ದಪ್ಪ ಮ್ಯಾಟ್ ಮಡಚಿಕೊಂಡು ಪೆಡಲ್ ಹಿಡಿದಿದ್ದನ್ನೂ ನೋಡಿದ್ದೇನೆ. ಆಮೇಲೆ ಪೆಡಲ್‌ಗೂ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಪಂಪು) ರಾಡ್‌ಗೂ ನಡುವಿನ ಪಿನ್ ತೆಗೆದು, ಪೆಡಲ್ ಅನ್ನು ಕೈಯಲ್ಲಿ ಆಡಿಸಿ. ಈಗಲೂ ಬಿಗಿ ಇದ್ದರೆ ಪೆಡಲ್ ತಿರುಗುವ ಜಾಗದ ಬುಷ್ ತುಕ್ಕು ಹಿಡಿದಿದೆ. ತೊಂದರೆ ಅಲ್ಲೇ ಸಿಕ್ಕಿತು, ಮುಂದೆ ಹೋಗುವ ಅಗತ್ಯವೇ ಇಲ್ಲ.

ಗೌಡರ ಕಾರಿನಲ್ಲಿ ಪೆಡಲ್ ಉಯ್ಯಾಲೆ ಥರ ಆಡಿತು. ಅಂದರೆ ತೊಂದರೆ ಮುಂದಿದೆ. ಹೆರಾಲ್ಡ್‌ನ ಕ್ಲಚ್ ಕೆಲಸ ಮಾಡೋದು ಫ್ಲೂಯಿಡ್‌ನಿಂದ: ಮಾಸ್ಟರ್ ತಳ್ಳಿದ ಫ್ಲೂಯಿಡ್ ಹೋಸ್ ಮೂಲಕ ಗೇರ್‌ಬಾಕ್ಸ್ ಹತ್ತಿರದ ಸ್ಲೇವ್ ಸಿಲಿಂಡರ್‌ಗೆ ಹೋಗುತ್ತದೆ, ಅದು ಫೋರ್ಕ್ ತಳ್ಳಿ ಕ್ಲಚ್ ಬಿಡಿಸುತ್ತದೆ. ಹಾಗಾಗಿ ಪಿನ್ ವಾಪಸ್ ಹಾಕಿ, ಸ್ಲೇವ್ ಸಿಲಿಂಡರ್‌ನಿಂದ ಫ್ಲೂಯಿಡ್ ಹೊರಬಿಡುವ ಬ್ಲೀಡಿಂಗ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಅದರ ತುದಿ ಬಾಟಲಿಗೆ ಬಿಟ್ಟು, ನಿಪ್ಪಲ್ ಸಡಿಲ ಮಾಡಿ ಹುಡುಗನಿಗೆ ಪೆಡಲ್ ಒತ್ತಿ ಬಿಡಲು ಹೇಳಿದೆ. ಈಗ ಲೈನ್‌ನಲ್ಲಿ ಒತ್ತಡ ಇಲ್ಲ, ಮಾಸ್ಟರ್ ಸಿಲಿಂಡರ್ ತನ್ನ ಒಳಗಿನ ಸ್ಪ್ರಿಂಗ್‌ನಿಂದಲೇ ವಾಪಸ್ ಬರಬೇಕು. ಬರಲಿಲ್ಲ. ಕಳ್ಳ ಸಿಕ್ಕಿಬಿದ್ದ.

ಈ ಪರೀಕ್ಷೆಯಲ್ಲಿ ಪೆಡಲ್ ಸಲೀಸಾಗಿ ಬಂದರೆ ಮಾಸ್ಟರ್ ಸರಿ ಇದೆ ಅಂತ ಅರ್ಥ. ಆಗ ಹೋಸ್, ಸ್ಲೇವ್, ಒಳಗಿನ ಫೋರ್ಕ್ ಮತ್ತು ಬೇರಿಂಗ್, ಈ ಕ್ರಮದಲ್ಲಿ ಮುಂದೆ ಹೋಗಿ. ಹಳೇ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ಊದಿ ದಾರಿ ಮುಚ್ಚಿರುತ್ತದೆ. ಕಾಲಿನ ಬಲಕ್ಕೆ ಫ್ಲೂಯಿಡ್ ಮುಂದೆ ಹೋಗುತ್ತದೆ, ವಾಪಸ್ ಬರುವಾಗ ತಡ. ಪೆಡಲ್ ಮೇಲೆ ಬಂದರೂ ಕ್ಲಚ್ ಸ್ವಲ್ಪ ಹೊತ್ತು ಹಿಡಿಯದೇ ಇದ್ದರೆ ಮೊದಲು ಹೋಸ್ ಮೇಲೆ ಅನುಮಾನ ಪಡಿ.

ಮಾಸ್ಟರ್ ಬಿಚ್ಚಿದಾಗ ಒಳಗಿನ ರಬ್ಬರ್ ಊದಿಕೊಂಡು ಬೋರ್‌ಗೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಬಿಸಿಯಾದಾಗ ಇನ್ನೂ ಬಿಗಿ. ತಕ್ಷಣ ಕ್ಲಚ್ ಫ್ಲೂಯಿಡ್ ತುಂಬುವ ಡಬ್ಬಿಯಲ್ಲಿದ್ದ ಫ್ಲೂಯಿಡ್‌ನ ನಾಲ್ಕು ಹನಿ ಒಂದು ಲೋಟ ನೀರಿಗೆ ಬಿಟ್ಟೆ. ಇಂಥ ಕ್ಲಚ್‌ಗೂ ಹಾಕುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಬೆರೆತು ಹೋಗುತ್ತದೆ. ಇದು ಮೇಲೆ ತೇಲಿತು. ಯಾರೋ ಎಂಜಿನ್ ಆಯಿಲ್ ಹಾಕಿದ್ದರು! ಗೌಡರಿಗೆ ತೋರಿಸಿದಾಗ ನೆನಪಾಯಿತು, ಮಳೆಗಾಲದಲ್ಲಿ ಕಡಿಮೆ ಕಂಡಿತು ಅಂತ ತೋಟದ ಹುಡುಗ ಮನೆಯಲ್ಲಿದ್ದ ಆಯಿಲ್ ತುಂಬಿದ್ದ. ಪಾಪ, ಅವನಿಗೇನು ಗೊತ್ತು? ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ.

ಆಯಿಲ್ ಹಾಕದಿದ್ದರೂ ನಮ್ಮ ಮಲೆನಾಡಿನಲ್ಲಿ ಈ ಫ್ಲೂಯಿಡ್ ಬೇಗ ಕೆಡುತ್ತದೆ, ಯಾಕೆಂದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರು ನಮ್ಮದು, ಅಲ್ವಾ? ಆ ನೀರಿನಂಶದಿಂದ ಸಿಲಿಂಡರ್ ಒಳಗೆ ತುಕ್ಕು ಬರುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಜೀಪ್ ಇಟ್ಟುಕೊಂಡವರಿಗೆ ಬೇರೆ ಕಥೆ. ಹಳೇ ಜೀಪಿನಲ್ಲಿ ಪೆಡಲ್ ಶಾಫ್ಟ್ ಇರೋದು ಫ್ಲೋರ್ ಕೆಳಗೆ. ತೋಟದ ಕೆಸರೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಮಣ್ಣು ತೊಳೆದು, ನಿಪ್ಪಲ್‌ಗೆ ಹೊಸ ಗ್ರೀಸ್ ಹೊಡೆದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಮಾರುತಿ 800 ಆದರೆ ಕೇಬಲ್. ಎಳೆ ಕಿತ್ತಿದ್ದರೆ ಸುಮ್ನೆ ಎಣ್ಣೆ ಬಿಟ್ಟು ದಿನ ತಳ್ಳಬೇಡಿ, ಹೊಸದು ಹಾಕಿ.

ಇನ್ನೊಂದು ತೊಂದರೆಯನ್ನು ಜನ ಇದರ ಜೊತೆ ಬೆರೆಸಿಬಿಡುತ್ತಾರೆ. ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಂತ ಗಾಡಿಯಲ್ಲಿ ಪೆಡಲ್ ಚೆನ್ನಾಗಿ ಹೋಗಿ ಬರುತ್ತದೆ, ಆದರೆ ಗೇರ್ ಬೀಳೋದಿಲ್ಲ, ಗರಗರ ಅನ್ನುತ್ತದೆ. ಅಲ್ಲಿ ಅಂಟಿರೋದು ಪೆಡಲ್ ಅಲ್ಲ, ಕ್ಲಚ್ ಪ್ಲೇಟ್ ತುಕ್ಕಿನಿಂದ ಎಂಜಿನ್ ತಿರುಗಿಸುವ ಫ್ಲೈವೀಲ್ ಚಕ್ರಕ್ಕೆ ಅಂಟಿದೆ. ಅದಕ್ಕೇ ಕೆಲವರು ಮಳೆ ಶುರುವಾಗುವ ಮೊದಲು ಪೆಡಲ್ ಒತ್ತಿ ಒಂದು ಮರದ ತುಂಡು ಕೊಟ್ಟು ನಿಲ್ಲಿಸುತ್ತಾರೆ. ಜೀಪಿಗೆ ಅದು ಒಳ್ಳೆಯದೇ. ಹೆರಾಲ್ಡ್‌ನಂಥ ಗಾಡಿಗೆ ನಾನು ಹೇಳೋದಿಲ್ಲ, ತಿಂಗಳುಗಟ್ಟಲೆ ರಬ್ಬರ್ ಸೀಲ್‌ಗಳನ್ನು ಒತ್ತಿಟ್ಟ ಹಾಗೆ ಆಗುತ್ತದೆ. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಒಂದು ಸುತ್ತು ಓಡಿಸಿದರೆ ಸಾಕು.

ಗೌಡರ ಕಾರಿಗೆ ಮಾಸ್ಟರ್ ಮತ್ತು ಸ್ಲೇವ್ ಎರಡರ ರಬ್ಬರ್ ಕಿಟ್, ಹೊಸ ಹೋಸ್ ಹಾಕಿದೆ. ಒಮ್ಮೆ ಆಯಿಲ್ ಮುಟ್ಟಿದ ರಬ್ಬರ್ ಯಾವುದನ್ನೂ ಉಳಿಸಬಾರದು. ಕಾರು ತಕ್ಷಣ ಬೇಕು ಅಂದರು. ನಾನು ಕೊಡಲಿಲ್ಲ. ಹೆರಾಲ್ಡ್‌ನಲ್ಲಿ ಬ್ರೇಕ್ ಡಬ್ಬಿ ಇರೋದು ಕ್ಲಚ್ ಡಬ್ಬಿಯ ಪಕ್ಕದಲ್ಲೇ. ಆ ಹುಡುಗ ಒಂದಕ್ಕೆ ಮಾತ್ರ ಆಯಿಲ್ ಹಾಕಿದ್ದನೋ ಎರಡಕ್ಕೂ ಹಾಕಿದ್ದನೋ? ಅದರಿಂದಲೂ ನಾಲ್ಕು ಹನಿ ತೆಗೆದು ಇನ್ನೊಂದು ಲೋಟಕ್ಕೆ ಬಿಟ್ಟೆ. ನೀರಿನಲ್ಲಿ ಬೆರೆಯಿತು. ಆಮೇಲೇ ಕೀ ಕೊಟ್ಟಿದ್ದು.