ಹೃದಯದ ವಾಲ್ವಿಗೆ ಸಣ್ಣ ತೂತಿನ ಆಪರೇಷನ್: ಸಣ್ಣದಾಗುವುದು ಯಾವುದು?

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿಯೊಳಗಿನ ಬಂಗಡೆಯ ಬಾಯಿ ನೋಡಿದ್ದೀರಲ್ವಾ? ಬಿಗಿದುಕೊಂಡು, ನಡುವೆ ಒಂದು ಸೀಳಿನಷ್ಟೇ ತೆರೆದಿರುತ್ತದೆ. ರುಮ್ಯಾಟಿಕ್ ಕಾಯಿಲೆಯಿಂದ ಕಿರಿದಾದ ಹೃದಯದ ವಾಲ್ವಿಗೆ, ಅಂದರೆ ರಕ್ತ ಒಂದೇ ಕಡೆ ಹರಿಯುವಂತೆ ನೋಡಿಕೊಳ್ಳುವ ಬಾಗಿಲಿಗೆ, ಡಾಕ್ಟರುಗಳೂ 'ಮೀನಿನ ಬಾಯಿ' ಅಂತಲೇ ಹೇಳುತ್ತಾರೆ.

ಈ ಕಾಯಿಲೆ ಶುರುವಾಗುವುದು ಚಿಕ್ಕಂದಿನ ಗಂಟಲು ನೋವಿನಿಂದ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಂದು ಹೋದ ಎರಡು ಮೂರು ವಾರಕ್ಕೆ ಜ್ವರ, ಕೀಲು ನೋವು. ಬ್ಯಾಕ್ಟೀರಿಯಾದ ಮೇಲೆ ಹೋರಾಡಬೇಕಾದ ಮೈಯ ಶಕ್ತಿ ಹೃದಯದ ಮೇಲೂ ತಿರುಗಿ ಬೀಳುತ್ತದೆ. ವರ್ಷಗಳು ಕಳೆದಂತೆ ವಾಲ್ವಿನ ಎಸಳು ದಪ್ಪವಾಗಿ, ಅಂಚುಗಳು ಒಂದಕ್ಕೊಂದು ಅಂಟುತ್ತವೆ. ಪೆಟ್ಟು ಬೀಳುವುದು ಹೃದಯದ ಎಡಬದಿಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವಿಗೇ ಜಾಸ್ತಿ. 4ರಿಂದ 6 ಚದರ ಸೆಂ.ಮೀ. ಇರಬೇಕಾದ ದಾರಿ 1.5ಕ್ಕೆ ಇಳಿದರೆ ಕಾಯಿಲೆ ಜೋರಾಗಿದೆ ಎಂದರ್ಥ.

ಎಸಳು ಇನ್ನೂ ಮೆತ್ತಗಿದ್ದರೆ ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ, ಅಂಟಿದ ಅಂಚನ್ನು ಬಿಡಿಸುತ್ತಾರೆ. ಅದು ಆಪರೇಷನ್ ಅಲ್ಲ. ಅದರಿಂದ ಆಗದಿದ್ದಾಗ ಬರುವ ಮಾತು 'ಮಿನಿಮಲಿ ಇನ್ವೇಸಿವ್'. ಇದೇ ತೂತಿನ ಆಪರೇಷನ್; ಕನ್ನಡದಲ್ಲಿ 'ಕಡಿಮೆ ಗಾಯದ' ಅನ್ನೋಣ.

ಹಳೆಯ ಪದ್ಧತಿಯಲ್ಲಿ ಎದೆಯ ನಡು ಎಲುಬನ್ನು ಉದ್ದಕ್ಕೆ ಗರಗಸದಿಂದ ಸೀಳಿ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಎಲುಬು ಕೂಡಲು ಎರಡು ಮೂರು ತಿಂಗಳು ಬೇಕು. ಬಲೆ ಎಳೆಯುವವರಿಗೆ, ಅಡಿಕೆ ಗೊನೆ ಹೊರುವವರಿಗೆ ಅಷ್ಟು ದಿನ ಕೆಲಸವಿಲ್ಲ. ಕಡಿಮೆ ಗಾಯದ ಪದ್ಧತಿಯಲ್ಲಿ ಬಲ ಎದೆಯ ಪಕ್ಕೆಲುಬುಗಳ ನಡುವೆ ಐದಾರು ಸೆಂ.ಮೀ. ಕೊಯ್ದು, ಉದ್ದನೆಯ ಸಲಕರಣೆ ತೂರಿಸುತ್ತಾರೆ. ಎಲುಬು ಮುರಿಯುವುದಿಲ್ಲ, ಬೇಗ ಏಳಬಹುದು.

'ಹಾಗಾದ್ರೆ ಹೃದಯ ಮುಟ್ಟೋದೇ ಇಲ್ವಲ್ಲ' ಎಂದು ಶಿರಸಿಯ ನೆಂಟರೊಬ್ಬರು ನನಗೆ ಸಮಾಧಾನದಿಂದ ಹೇಳಿದ್ದರು. ಮುಟ್ಟುತ್ತಾರೆ! ಸಣ್ಣದಾಗುವುದು ಹೊರಗಿನ ಗಾಯ ಮಾತ್ರ. ಇಲ್ಲೂ ಹೃದಯವನ್ನು ನಿಲ್ಲಿಸುತ್ತಾರೆ, ರಕ್ತವನ್ನು ಯಂತ್ರವೇ ತಿರುಗಿಸುತ್ತದೆ. ಆ ಯಂತ್ರದ ಕೊಳವೆಗಳನ್ನು ಹೆಚ್ಚಾಗಿ ತೊಡೆಸಂದಿನಲ್ಲಿ ಜೋಡಿಸುತ್ತಾರೆ. ಯಂತ್ರದ ಮೇಲೆ ಇರುವ ಹೊತ್ತು ಸಾಮಾನ್ಯವಾಗಿ ಇಲ್ಲೇ ಜಾಸ್ತಿ. ವಾಲ್ವಿನಲ್ಲಿ ಸುಣ್ಣ ಕಟ್ಟಿ ಗಟ್ಟಿಯಾಗಿದ್ದರೆ, ಬೇರೆ ವಾಲ್ವೂ ಕೆಟ್ಟಿದ್ದರೆ ಎಷ್ಟೋ ಸರ್ಜನ್‌ಗಳು ದೊಡ್ಡ ಗಾಯವೇ ಮೇಲು ಅನ್ನುತ್ತಾರೆ.

ನಮ್ಮ ಜನ ಮಣಿಪಾಲ, ಹುಬ್ಬಳ್ಳಿಗೆ ಹೋದಾಗ ಗಾಯದ ಉದ್ದವನ್ನೇ ಮೊದಲು ಕೇಳುತ್ತಾರೆ. ನನಗನ್ನಿಸುವಂತೆ ಮೊದಲು ಕೇಳಬೇಕಾದ್ದು, 'ರಿಪೇರಿ ಆಗುತ್ತದೋ, ಬದಲಾಯಿಸಬೇಕೋ?' ಲೋಹದ ವಾಲ್ವ್ ಹಾಕಿದರೆ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ಜೀವನಪೂರ್ತಿ ಬೇಕು. ಆಗಾಗ ರಕ್ತ ಪರೀಕ್ಷೆ. ಬಸಳೆ, ಹರಿವೆ ಸೊಪ್ಪನ್ನೂ ಒಂದು ವಾರ ರಾಶಿ ತಿಂದು ಮುಂದಿನ ವಾರ ಬಿಡುವ ಹಾಗಿಲ್ಲ, ಔಷಧದ ಲೆಕ್ಕ ತಪ್ಪುತ್ತದೆ. ಆ ಮಾತ್ರೆ ಬಸುರಿಯ ಮಗುವಿಗೆ ಅಪಾಯ. ಈ ಕಾಯಿಲೆಯವರಲ್ಲಿ ಹರೆಯದ ಹೆಣ್ಣುಮಕ್ಕಳೇ ಹೆಚ್ಚು ಅನ್ನುವುದು ನೆನಪಿರಲಿ. ರಿಪೇರಿಯಾದರೆ ಈ ಪಾಡು ಬಹುಮಟ್ಟಿಗೆ ತಪ್ಪುತ್ತದೆ. ಆದರೆ ರುಮ್ಯಾಟಿಕ್ ವಾಲ್ವ್ ರಿಪೇರಿ ನಾಜೂಕಿನ ಕೆಲಸ. ಅಂಟಿದ ಅಂಚು ಬಿಡಿಸಬೇಕು, ದಪ್ಪಗಾದ ಪದರ ಸುಲಿಯಬೇಕು, ಬೇಕಾದರೆ ಸುತ್ತ ರಿಂಗ್ ಹೊಲಿಯಬೇಕು. ಮುಂದೆ ಮತ್ತೆ ಕೆಡಲೂಬಹುದು.

ಹಾಗಾಗಿ ಡಾಕ್ಟರು ಬರೆದುಕೊಟ್ಟಿದ್ದರೆ, ಆ ಬ್ಯಾಕ್ಟೀರಿಯಾ ಮತ್ತೆ ಬಂದು ವಾಲ್ವನ್ನು ಕೆಡಿಸದಂತೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ ಆಪರೇಷನ್ ಆದಮೇಲೂ ಮುಂದುವರಿಯುತ್ತದೆ.