ಸೊನ್ನೆ ಅಂದ್ರೆ ಎಂತ?

ಕಳೆದ ಮಳೆಗಾಲದಲ್ಲಿ ಬೈಕಂಪಾಡಿಯ ಒಂದು ವರ್ಕ್‌ಶಾಪಿನಿಂದ ಫೋನು ಬಂತು. ಅಡಿಕೆ ಸುಲಿಯುವ ಯಂತ್ರ ಮಾಡುವವರು. “ಕಂಪ್ಯೂಟರಿನಲ್ಲಿ ಸೊನ್ನೆ ತೋರಿಸ್ತಾ ಉಂಟು. ಇಲ್ಲಿ ನೋಡಿದ್ರೆ ಪುಲ್ಲಿ ಗಾರ್ಡಿಗೆ ಉಜ್ಜಿ ಕಿರುಚ್ತದೆ. ಸೊನ್ನೆ ಅಂದ್ರೆ ಎಂತ ಮಾರಾಯ್ರೆ?”

ಅವರು ಬಳಸುತ್ತಿದ್ದದ್ದು ಕ್ಯಾಡ್ ಅಸೆಂಬ್ಲಿ, ಅಂದರೆ ಕಂಪ್ಯೂಟರಿನಲ್ಲಿ ಬಿಡಿಸಿ ಜೋಡಿಸಿದ ಯಂತ್ರದ ತಪಾಸಣೆಯ ಸಾಫ್ಟ್‌ವೇರು. ಬಿಡಿಭಾಗಗಳನ್ನೆಲ್ಲ ಅವುಗಳ ಜಾಗದಲ್ಲಿ ಕೂರಿಸಿದ ಫೈಲನ್ನು ಅದು ತೆರೆಯುತ್ತದೆ, ಬೇಕಾದಲ್ಲಿ ಕೊಯ್ದು ಒಳಗು ತೋರಿಸುತ್ತದೆ, ಅಳೆಯುತ್ತದೆ, ಯಾವ ಭಾಗ ಯಾವುದರೊಳಗೆ ಹೊಕ್ಕಿದೆ ಎಂದು ಹೇಳುತ್ತದೆ. ಅದರ ಕೈಪಿಡಿ ಬರೆದವ ನಾನು.

ತಪ್ಪು ಯಂತ್ರದ್ದೂ ಅಲ್ಲ, ಅವರದ್ದೂ ಅಲ್ಲ. ಒಳಗಿನದ್ದು ಕಾಣಲಿ ಎಂದು ಅವರು ಗಾರ್ಡನ್ನೂ ಅದರ ಎಂಟು ಬೋಲ್ಟುಗಳನ್ನೂ ಪರದೆಯಲ್ಲಿ ಮರೆಮಾಡಿದ್ದರು. ನಮ್ಮ ಸಾಫ್ಟ್‌ವೇರು ಕಣ್ಣಿಗೆ ಕಾಣುವ ಭಾಗಗಳನ್ನು ಮಾತ್ರ ಪರೀಕ್ಷಿಸುತ್ತದೆ. ಯಂತ್ರದಲ್ಲಿ 64 ಭಾಗ. ಎರಡೆರಡಾಗಿ ಹಿಡಿದರೆ 2016 ಜೋಡಿ. 9 ಭಾಗ ಮರೆಯಾದರೆ ಉಳಿಯುವುದು 55, ಅಂದರೆ 1485 ಜೋಡಿ. 531 ಜೋಡಿಗಳನ್ನು ಯಾರೂ ನೋಡಲೇ ಇಲ್ಲ. ನನ್ನ ಕೈಪಿಡಿಯಲ್ಲಿ ಇದ್ದದ್ದು ಇಷ್ಟೇ: “ಅಡ್ಡಿ ಇಲ್ಲದಿದ್ದರೆ 0 ಎಂದು ಬರುತ್ತದೆ.” ಸುಳ್ಳಲ್ಲ. ಆದರೆ ನೋಡದೇ ಇದ್ದರೂ 0 ಎಂದೇ ಬರುತ್ತದೆ ಎಂದು ನಾನು ಬರೆದಿರಲಿಲ್ಲ.

ಯಾವ ಬಟನ್ ಎಲ್ಲಿದೆ ಎಂದು ನಲವತ್ತು ಪುಟ ಬರೆದಿದ್ದೆ. ಅದನ್ನು ಯಾರೂ ಓದುವುದಿಲ್ಲ, ಒತ್ತಿ ನೋಡಿಯೇ ಕಲಿಯುತ್ತಾರೆ. ಓದುವುದು ಉತ್ತರ ಬಂದ ಮೇಲೆ, ಅದನ್ನು ನಂಬಬಹುದಾ ಎಂಬ ಸಂಶಯ ಬಂದಾಗ.

ಹಾಗಾಗಿ ಆ ಅಧ್ಯಾಯವನ್ನು ಹೊಸದಾಗಿ ಬರೆಯಲು ಅದೇ ವರ್ಕ್‌ಶಾಪಿಗೆ ಹೋಗಿ ಹಿರಿಯ ಫಿಟ್ಟರೊಬ್ಬರ ಪಕ್ಕದಲ್ಲಿ ಎರಡು ದಿನ ಕೂತೆ. ಒಂದು ಭಾಗ ಇನ್ನೊಂದರೊಳಗೆ ಹೊಕ್ಕುವುದಕ್ಕೆ ನಾನು “ವ್ಯತಿಕರಣ” ಎಂದು ಬರೆದಿದ್ದೆ. ಅವರು ಅದನ್ನು ಎರಡು ಸಲ ಓದಿ, “ಇದು ಗ್ರಹಚಾರದ ಶಬ್ದದ ಹಾಗೆ ಉಂಟಲ್ಲ” ಎಂದರು. ಅವರ ಲೆಕ್ಕ ಸರಳ: “ತಾಗುದು ಬೇರೆ, ನುಗ್ಗುದು ಬೇರೆ, ಬಡಿದು ಕೂರಿಸುದು ಬೇರೆ.” ಮೂರು ದಿನ ತಡಕಾಡಿದ್ದ ವಿಂಗಡಣೆ ನನಗೆ ಅಲ್ಲಿ ಸಿಕ್ಕಿತು.

ನುಗ್ಗಿದ್ದೆಲ್ಲ ತಪ್ಪಲ್ಲ. ಎಂ8 ಬೋಲ್ಟು ತೆಗೆದುಕೊಳ್ಳಿ. ಕಂಪ್ಯೂಟರಿನ ಮಾದರಿಯಲ್ಲಿ ಅದು 8 ಮಿ.ಮೀ. ದಪ್ಪದ ನುಣುಪು ಕಡ್ಡಿ. ಟ್ಯಾಪ್ ಹೊಡೆಯುವ (ತೂತಿನೊಳಗೆ ತಿರುಪಿನ ಗೆರೆ ಕೊರೆಯುವ) ಮೊದಲು ಮಾಡುವ ತೂತು 6.8. ಆ ತಿರುಪಿನ ಗೆರೆಗಳನ್ನು ಯಾರೂ ಮಾದರಿಯಲ್ಲಿ ಒಂದೊಂದಾಗಿ ಬಿಡಿಸುವುದಿಲ್ಲ, ಫೈಲು ಭಾರವಾಗುತ್ತದೆ. ಹಾಗಾಗಿ ಸುತ್ತ 0.6 ಮಿ.ಮೀ. ಕಬ್ಬಿಣದೊಳಗೆ ಬೋಲ್ಟು ನುಗ್ಗಿದೆ ಎಂದು ಸಾಫ್ಟ್‌ವೇರು ಬೊಬ್ಬೆ ಹೊಡೆಯುತ್ತದೆ. ಇಂಥ ಇಪ್ಪತ್ತು ಸಾಲುಗಳ ನಡುವೆ ನಿಜವಾದ ಒಂದು ತಪ್ಪು ಅಡಗಿ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೇರಿಂಗಿನ ಕತೆ ಇದರ ತಿರುಗುಮುರುಗು. 6204 ಬೇರಿಂಗಿನ ಒಳವ್ಯಾಸ 20 ಮಿ.ಮೀ. ಶಾಫ್ಟಿಗೆ ಕೆ6 ಎಂಬ ಬಿಗಿಯ ಅಳತೆ (ಫಿಟ್) ಕೊಟ್ಟರೆ ಅದು 20ಕ್ಕಿಂತ 2ರಿಂದ 15 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ದಪ್ಪ ಇರಬೇಕು, ಬಡಿದೇ ಕೂರಿಸಬೇಕು. ಮಾದರಿಯಲ್ಲಿ ಎರಡನ್ನೂ ಸರಿಯಾಗಿ 20 ಎಂದೇ ಬಿಡಿಸಿರುತ್ತಾರೆ. ಸಾಫ್ಟ್‌ವೇರಿಗೆ ಅದು ಬರೀ ತಾಗಿದ್ದು.

ಇನ್ನೊಂದು ಮೋಸ ಪರದೆಯದ್ದು. ತಿರುಗಿಸಿ ನೋಡುವಾಗ ಬೇಗ ತೋರಿಸಲೆಂದು ಸಾಫ್ಟ್‌ವೇರು ವೃತ್ತವನ್ನು ಸಣ್ಣ ಸಣ್ಣ ಚಪ್ಪಟೆ ತುಂಡುಗಳಾಗಿ ಮಾಡಿಕೊಳ್ಳುತ್ತದೆ. 20 ಮಿ.ಮೀ. ವೃತ್ತವನ್ನು 36 ತುಂಡು ಮಾಡಿದರೆ ತುಂಡಿನ ನಡುಭಾಗ ನಿಜವಾದ ವೃತ್ತಕ್ಕಿಂತ 0.038 ಮಿ.ಮೀ. ಒಳಗೆ ಬೀಳುತ್ತದೆ. ನಾವು ಚರ್ಚಿಸುತ್ತಿರುವ ಫಿಟ್ಟಿಗಿಂತ ದೊಡ್ಡದು! ಶಾಫ್ಟಿನ ಮೂಲೆ ಬೇರಿಂಗಿನ ಚಪ್ಪಟೆಗೆ ಎದುರಾದರೆ, ಇಲ್ಲದ ನುಗ್ಗುವಿಕೆ ಹುಟ್ಟುತ್ತದೆ. ಅದಕ್ಕೇ ಪರೀಕ್ಷೆ ನಿಖರ ಆಕಾರದ ಮೇಲೆ ನಡೆಯಿತೋ ತುಂಡುಗಳ ಮೇಲೋ ಎಂದು ಈಗ ಕೈಪಿಡಿಯಲ್ಲಿ ಸ್ಪಷ್ಟ ಹೇಳುತ್ತೇನೆ.

ಇಂಚಿನಲ್ಲಿ ಮಾಡಿದ ಭಾಗವನ್ನು ಮಿ.ಮೀ. ಎಂದು ಓದಿದರೆ 25.4 ಪಾಲು ಕುಗ್ಗುತ್ತದೆ ಎಂಬುದಕ್ಕೆ ಅರ್ಧ ಪುಟ ಸಾಕಾಯಿತು. ಆ ತಪ್ಪು ತಾನಾಗಿಯೇ ಕಣ್ಣಿಗೆ ಹೊಡೆಯುತ್ತದೆ.

ಕರಡು ತಯಾರಾದ ಮೇಲೆ ಫಿಟ್ಟರಿಗೆ ತೋರಿಸಿದೆ. ವರದಿಯ ಮಾದರಿಯಲ್ಲಿ “ಪರೀಕ್ಷಿಸದ ಜೋಡಿಗಳು: 531” ಎಂಬುದು ಕೊನೆಯ ಸಾಲಾಗಿತ್ತು. ಅವರು ಕನ್ನಡಕ ಮೇಲೇರಿಸಿ, “ಇದನ್ನು ಅಡಿಯಲ್ಲಿ ಯಾಕೆ ಇಟ್ಟದ್ದು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಪ್ರೋಗ್ರಾಮು ಬರೆಯುವ ಹುಡುಗಿಗೆ ಹೇಳಿ ಆ ಸಾಲನ್ನು ಸೊನ್ನೆಯ ಮೇಲಕ್ಕೆ ತರಿಸಿದೆವು, ಕೆಂಪು ಅಕ್ಷರದಲ್ಲಿ. ಕೆಂಪು ಇರಲಿ ಎಂದದ್ದೂ ಅವರೇ.