ಎಗ್‌ನಾಗ್ ಕುಡಿಯಬಹುದಾ ಡಾಕ್ಟ್ರೆ?

ಡಿಸೆಂಬರ್ ಅರ್ಧ ದಾಟಿತು ಅಂದರೆ ನನ್ನ ಮುಂದೆ ಕೂರುವವರ ಪ್ರಶ್ನೆಗಳು ಬದಲಾಗುತ್ತವೆ. ಅಲ್ಲಿಯ ತನಕ ಕುಚ್ಚಲಕ್ಕಿ ಗಂಜಿ ಎಷ್ಟು ಸೌಟು, ನೇಂದ್ರ ಬಾಳೆಹಣ್ಣು ಆಗುತ್ತದಾ ಅಂತ ಕೇಳುತ್ತಿದ್ದವರು ಕೇಕು, ವೈನು, ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕಡೆ ಹೊರಳುತ್ತಾರೆ. ಈಚೆಗೆ ಎಗ್‌ನಾಗ್ ಕೂಡ ಆ ಸಾಲಿಗೆ ಬಂದಿದೆ. ನಮ್ಮ ಕಾಸರಗೋಡು ಜಿಲ್ಲೆಯ ಬೇಳ, ಕಯ್ಯಾರು, ವರ್ಕಾಡಿ ಕಡೆಯ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲೋ ಕೆನಡಾದಲ್ಲೋ ಇರುತ್ತಾರೆ. ಹಬ್ಬಕ್ಕೆ ಬಂದ ಮಗಳು ಅಲ್ಲಿ ಕಲಿತದ್ದನ್ನು ಇಲ್ಲಿ ಮಾಡುತ್ತಾಳೆ. ಶುಗರ್ ಇರುವ ಅಪ್ಪ ಅಮ್ಮ ಲೋಟ ಹಿಡಿದು ಯೋಚನೆಗೆ ಬೀಳುತ್ತಾರೆ. (ನಾನು ಡಾಕ್ಟರ್ ಅಲ್ಲ, ಡಯಟ್ ನೋಡುವವಳು. ಎಷ್ಟು ಹೇಳಿದರೂ ನಮ್ಮೂರಲ್ಲಿ ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟ್ರೇ.)

ಪ್ರಶ್ನೆ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಡಯಾಬಿಟಿಸ್ ಅಧ್ಯಯನದ ಪ್ರಕಾರ ಕೇರಳದ ವಯಸ್ಕರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಡಯಾಬಿಟಿಸ್ ಇದೆ. ಹಬ್ಬದ ಮೇಜಿನ ಸುತ್ತ ಎಂಟು ಜನ ದೊಡ್ಡವರು ಕೂತರೆ ಇಬ್ಬರಿಗೆ ಇದೆ ಅಂತಲೇ ಲೆಕ್ಕ. ಅವರಿಗೆ ಬರೀ 'ಬೇಡ' ಅಂದರೆ ನನ್ನ ಮುಂದೆ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಕುಡಿಯುತ್ತಾರೆ. ಅದಕ್ಕಿಂತ ಸರಿಯಾಗಿ ಮಾಡಿಕೊಂಡು ಕುಡಿಯುವುದು ಮೇಲು.

ಎಗ್‌ನಾಗ್ ಅಂದರೆ ಹಾಲು, ಕ್ರೀಮ್, ಮೊಟ್ಟೆಯ ಹಳದಿ, ಸಕ್ಕರೆ, ಮೇಲೆ ತುರಿದ ಜಾಯಿಕಾಯಿ. ಬೇಕಾದವರು ರಮ್ ಅಥವಾ ಬ್ರಾಂಡಿ ಸೇರಿಸುತ್ತಾರೆ. ಮೂಲ ಇಂಗ್ಲೆಂಡಿನದು, ಕ್ರಿಸ್ಮಸ್ ಪಾನೀಯವಾಗಿ ಬೆಳೆದದ್ದು ಅಮೆರಿಕದಲ್ಲಿ. ಜಾಯಿಕಾಯಿಯಂತೂ ನಮ್ಮ ಅಡಿಕೆ, ತೆಂಗಿನ ತೋಟಗಳ ನೆರಳಲ್ಲೇ ಬೆಳೆಯುತ್ತದೆ.

ಈಗ ಲೆಕ್ಕ. ನಾಲ್ಕು ಲೋಟಕ್ಕೆ 400 ಮಿಲಿ ಹಾಲು, 100 ಮಿಲಿ ಕ್ರೀಮ್, 4 ಹಳದಿ, 100 ಗ್ರಾಂ ಸಕ್ಕರೆ ಅಂತ ಇಟ್ಟುಕೊಳ್ಳಿ. ಹಾಲಿನಲ್ಲಿ ಅದರದ್ದೇ ಸಕ್ಕರೆ, ಅಂದರೆ ಲ್ಯಾಕ್ಟೋಸ್, 100 ಮಿಲಿಗೆ ಐದು ಗ್ರಾಂಗೆ ಹತ್ತಿರ. ಅಲ್ಲಿಗೆ 19 ಗ್ರಾಂ. ಕ್ರೀಮಿನಿಂದ 4, ಹಳದಿಯಿಂದ ಎರಡೂವರೆ, ಸಕ್ಕರೆಯದ್ದು ಪೂರ್ತಿ 100. ಒಟ್ಟು 125 ಗ್ರಾಂ ದಾಟುತ್ತದೆ. ಒಬ್ಬೊಬ್ಬರಿಗೆ 31 ಗ್ರಾಂ ಕಾರ್ಬೋಹೈಡ್ರೇಟ್ (ಚಿಕ್ಕದಾಗಿ ಕಾರ್ಬ್), ಅಂದರೆ ರಕ್ತದ ಸಕ್ಕರೆ ಏರಿಸುವ ಅಂಶ. ಊಟದ ಜೊತೆ ಅಲ್ಲ, ಊಟದ ಮೇಲೆ.

ಸಕ್ಕರೆ ತೆಗೆದರೆ ಮುಗಿಯಿತಲ್ಲ ಅನಿಸುತ್ತದೆ. ಸಿಹಿಯ ಮಟ್ಟಿಗೆ ಮುಗಿಯಿತು. ಆದರೆ ಸಕ್ಕರೆ ಹೋದಾಗ ಪಾನೀಯ ತೆಳ್ಳಗಾಗುತ್ತದೆ. ಆಗ ಮನೆಯಲ್ಲಿ ಏನು ಮಾಡುತ್ತಾರೆ? ಒಂದು ಚಮಚ ಕಸ್ಟರ್ಡ್ ಪೌಡರ್ ಹಾಕುತ್ತಾರೆ. ಕಸ್ಟರ್ಡ್ ಪೌಡರ್ ಅಂದರೆ ಬಣ್ಣ, ವಾಸನೆ ಸೇರಿಸಿದ ಮೆಕ್ಕೆಜೋಳದ ಪಿಷ್ಟ (ಕಾರ್ನ್ ಫ್ಲೋರ್). ದೊಡ್ಡ ಚಮಚಕ್ಕೆ ಏಳು ಗ್ರಾಂ ಕಾರ್ಬ್ ಅಲ್ಲೇ ಬಂತು. ಕೆಲವರು ಗೇರುಬೀಜ ಅರೆದು ಹಾಕುತ್ತಾರೆ. ನಮ್ಮ ಜಿಲ್ಲೆಯಲ್ಲಿ ಗೇರುಬೀಜ ಮನೆಯ ಸೊತ್ತು, ಕೈ ಧಾರಾಳ. ಆದರೆ 30 ಗ್ರಾಂ ಗೇರುಬೀಜದಲ್ಲಿ ಒಂಬತ್ತು ಗ್ರಾಂ ಕಾರ್ಬ್ ಇದೆ, ನಾರು ಬಹಳ ಕಡಿಮೆ. ಅಷ್ಟೇ ಬಾದಾಮಿಯಲ್ಲಿ ನಾರು ಕಳೆದರೆ ಉಳಿಯುವುದು ಮೂರು ಗ್ರಾಂ. ಇನ್ನು ಕಂಡೆನ್ಸ್ಡ್ ಮಿಲ್ಕ್ ಡಬ್ಬಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. 'ಸಕ್ಕರೆ ಹಾಕಲೇ ಇಲ್ಲ' ಅಂತ ಹೇಳಿ ಅರ್ಧ ಡಬ್ಬಿ ಸುರಿದವರನ್ನು ನೋಡಿದ್ದೇನೆ.

ಅತಿ ಹೆಚ್ಚು ವಾದ ಆಗುವುದು ಬೆಲ್ಲದ ವಿಷಯದಲ್ಲಿ. "ಬೆಲ್ಲ ಅಲ್ವಾ, ಏನೂ ಆಗಲಿಕ್ಕಿಲ್ಲ" ಅನ್ನುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ಖನಿಜ ಇದೆ, ಒಳ್ಳೆಯ ಪರಿಮಳ ಇದೆ, ಉಳಿದದ್ದು ಸಕ್ಕರೆ. ರಕ್ತಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ತೆಂಗಿನ ಸಕ್ಕರೆಯ ಮಾತು ಇನ್ನೂ ಸೂಕ್ಷ್ಮ, ಯಾಕೆಂದರೆ ಅದು ಊರಿನ ಹೆಮ್ಮೆಗೆ ತಾಗುತ್ತದೆ. ಕೂಡ್ಲಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐಯವರು ತೆಂಗಿನ ಹೊಂಬಾಳೆಯ ರಸ ಹುಳಿಯಾಗದಂತೆ ತಂಪಿನಲ್ಲಿ ಇಳಿಸುವ ವಿಧಾನ ಮಾಡಿದರು. ಅದೇ ಕಲ್ಪರಸ. ಅದನ್ನು ಕಾಯಿಸಿದರೆ ತೆಂಗಿನ ಸಕ್ಕರೆ. ಕೆಲಸ ದೊಡ್ಡದು, ಕೃಷಿಕರಿಗೆ ದಾರಿಯಾಗಬಲ್ಲದ್ದು. ಆದರೆ ತೆಂಗಿನ ಸಕ್ಕರೆಯಲ್ಲೂ ಬಹುಪಾಲು ಇರುವುದು ಸುಕ್ರೋಸ್, ಅಂದರೆ ನಮ್ಮ ಡಬ್ಬಿಯ ಸಕ್ಕರೆಯಲ್ಲಿ ಇರುವುದೇ. ಶುಗರ್ ಇದ್ದವರು ಅದನ್ನು ಔಷಧಿ ಅಂತ ಹಾಕಿಕೊಳ್ಳಬಾರದು.

ಹಾಗಾದರೆ ಗಟ್ಟಿತನ ಎಲ್ಲಿಂದ ತರುವುದು? ನನ್ನ ಉತ್ತರ ತೆಂಗಿನಕಾಯಿಯ ದಪ್ಪ ಹಾಲು. ವಿದೇಶದ ಪಾಕವಿಧಾನಗಳಲ್ಲಿ ಪೂರ್ತಿ ಕ್ರೀಮ್ ಅಥವಾ ಡಬ್ಬಿಯ ಬಾದಾಮಿ ಹಾಲು ಇರುತ್ತದೆ. ನಮಗೆ ಅದು ದುಬಾರಿ, ಬೇಕಾಗಿಯೂ ಇಲ್ಲ. ನೀರು ಜಾಸ್ತಿ ಹಾಕದೆ ಹಿಂಡಿದ ಮೊದಲ ಹಾಲಿನಲ್ಲಿ ಕೊಬ್ಬು 100 ಗ್ರಾಂಗೆ 24ರ ಆಸುಪಾಸು, ಸಕ್ಕರೆ ಮೂರೂಕಾಲು ಗ್ರಾಂ ಅಷ್ಟೇ. ಹಸುವಿನ ಹಾಲಿಗಿಂತ ಕಡಿಮೆ ಸಕ್ಕರೆ, ಕ್ರೀಮಿನಷ್ಟೇ ದಪ್ಪ.

ನಾಲ್ಕು ಸಣ್ಣ ಲೋಟಕ್ಕೆ 150 ಮಿಲಿ ಹಾಲು, 100 ಮಿಲಿ ಫ್ರೆಶ್ ಕ್ರೀಮ್, 200 ಮಿಲಿ ದಪ್ಪ ಕಾಯಿಹಾಲು, 4 ಹಳದಿ ತೆಗೆದುಕೊಳ್ಳಿ. ಸಿಹಿಗೆ 30 ಗ್ರಾಂ ಎರಿಥ್ರಿಟಾಲ್, ಸಾಕಾಗದಿದ್ದರೆ ಚಿಟಿಕೆ ಸ್ಟೀವಿಯಾ (ಎರಡೂ ಸಕ್ಕರೆಯ ಬದಲಿಗೆ ಹಾಕುವ ಸಿಹಿಪುಡಿಗಳು). ಒಂದು ಹರಳು ಉಪ್ಪು. ಸಿಹಿ ಕಡಿಮೆ ಇರುವ ಪಾನೀಯಕ್ಕೆ ಉಪ್ಪು ಬಹಳ ಉಪಕಾರಿ. ಲೆಕ್ಕ ಹಾಕಿದರೆ ಎಲ್ಲ ಸೇರಿ 20 ಗ್ರಾಂ ಕಾರ್ಬ್, ಲೋಟಕ್ಕೆ ಐದು. ಮೂವತ್ತೊಂದು ಎಲ್ಲಿ, ಐದು ಎಲ್ಲಿ!

ಮಾಡುವಾಗ ಕೆಡುವುದು ಒಂದೇ ಕಡೆ, ಬಿಸಿಗೆ ಮೊಟ್ಟೆಯ ಮಿಶ್ರಣ ಒಡೆದುಹೋಗುವಲ್ಲಿ. ಸಕ್ಕರೆ ಹಾಕಿದ ಮಿಶ್ರಣದಲ್ಲಿ ಮೊಟ್ಟೆ ಸ್ವಲ್ಪ ಹೆಚ್ಚು ಬಿಸಿ ತಡೆದುಕೊಳ್ಳುತ್ತದೆ. ಸಕ್ಕರೆ ಹೋದರೆ ಆ ರಕ್ಷಣೆ ಕಡಿಮೆ. ಬೇಗ ಗಟ್ಟಿಯಾಗಿ ಕಾಳು ಕಾಳಾಗುತ್ತದೆ. ಮೊದಲ ಸಲ ಮಾಡಿದವರು ಸಿಹಿಪುಡಿಯನ್ನು ಬೈಯುತ್ತಾರೆ. ತಪ್ಪು ಬೆಂಕಿಯದ್ದು. ನಮ್ಮ ಹೆಂಗಸರಿಗೆ ಈ ಹದ ಹೊಸತಲ್ಲ. ಪಾಯಸಕ್ಕೆ ದಪ್ಪ ಹಾಲು ಹೊಯ್ದ ಮೇಲೆ ಕುದಿ ಬರಬಾರದು, ಅಂಚಿನಲ್ಲಿ ಹಬೆ ಏಳುವಾಗಲೇ ಇಳಿಸಬೇಕು ಅಂತ ಅಜ್ಜಿಯಿಂದಲೇ ಕಲಿತಿರುತ್ತಾರೆ. ಇಲ್ಲೂ ಅದೇ ಕೈ ಬೇಕು.

ಹಳದಿ ಮತ್ತು ಪುಡಿಮಾಡಿದ ಎರಿಥ್ರಿಟಾಲನ್ನು ಚೆನ್ನಾಗಿ ಕಡೆಯಿರಿ. ಹಾಲು, ಕ್ರೀಮ್ ಒಟ್ಟಿಗೆ ಬಿಸಿ ಮಾಡಿ, ಕುದಿಸಬೇಡಿ. ಆ ಬಿಸಿಹಾಲನ್ನು ಹಳದಿಗೆ ಸೌಟು ಸೌಟಾಗಿ ಹೊಯ್ಯುತ್ತಾ ಕದಡಿ. ಹಳದಿಯನ್ನು ಬಿಸಿಹಾಲಿಗೆ ಸುರಿಯುವುದಲ್ಲ, ಉಲ್ಟಾ. ಆಮೇಲೆ ಬಿಸಿನೀರಿನ ಪಾತ್ರೆಯ ಮೇಲೆ ಇಟ್ಟು ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಅಡುಗೆಯ ಥರ್ಮಾಮೀಟರ್ ಇದ್ದರೆ 71 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸಾಲ್ಮೊನೆಲ್ಲಾ ಸಾಯಲು ಅಷ್ಟು ಬೇಕು. 80ಕ್ಕೆ ಹೋಗುವ ಮೊದಲು ಇಳಿಸಿ. ಥರ್ಮಾಮೀಟರ್ ಇಲ್ಲದವರು ಸೌಟಿನ ಬೆನ್ನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ನೋಡಿ. ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂತು. ಇಳಿಸಿದ ಮೇಲೆ ಬೆಚ್ಚಗೆ ಮಾಡಿದ ಕಾಯಿಹಾಲು, ಉಪ್ಪು ಸೇರಿಸಿ, ಸೋಸಿ. ಸ್ವಲ್ಪ ಒಡೆದಿದ್ದರೆ ಮಿಕ್ಸಿಗೆ ಹಾಕಿ ತಿರುಗಿಸಿ, ಯಾರಿಗೂ ಗೊತ್ತಾಗುವುದಿಲ್ಲ.

ಹಸಿ ಮೊಟ್ಟೆ ಕಡೆದು ಹಾಗೇ ಕುಡಿಯುವ ವಿಧಾನವನ್ನು ವಿಡಿಯೋಗಳಲ್ಲಿ ನೋಡಿರುತ್ತೀರಿ. ವಯಸ್ಸಾದವರು, ಬಸುರಿಯರು, ಸಣ್ಣ ಮಕ್ಕಳು ಇರುವ ಮನೆಗೆ ಅದು ಬೇಡವೇ ಬೇಡ. ರಮ್ ಹಾಕಿದರೆ ರೋಗಾಣು ಸಾಯುತ್ತದೆ ಅನ್ನುವ ಧೈರ್ಯವೂ ಬೇಡ. ಇನ್ನೊಂದು, ಕರಾವಳಿಯ ಡಿಸೆಂಬರ್ ಅಮೆರಿಕದ ಡಿಸೆಂಬರ್ ಅಲ್ಲ. ಹಗಲು 30 ಡಿಗ್ರಿ ದಾಟುವ ಊರಲ್ಲಿ ಮೊಟ್ಟೆ, ಕಾಯಿಹಾಲು ಎರಡೂ ಇರುವ ಪಾತ್ರೆ ಎರಡು ಗಂಟೆಗಿಂತ ಹೊರಗೆ ಇರಬಾರದು. ಫ್ರಿಜ್ಜಿನಲ್ಲೂ ಎರಡು ದಿನದೊಳಗೆ ಮುಗಿಸಿ.

ಮೊಟ್ಟೆ ಮುಟ್ಟದವರು ಹಳದಿಯ ಬದಲು ನೆನೆಸಿ ಸಿಪ್ಪೆ ಸುಲಿದ ಬಾದಾಮಿಯನ್ನು ನುಣ್ಣಗೆ ಅರೆದು ಹಾಕಿ. ಹೆಸರು ಏನು ಬೇಕಾದರೂ ಇಡಿ, ರುಚಿ ಇದೆ. ಜಾಯಿಕಾಯಿ ಮಾತ್ರ ಎರಡರಲ್ಲೂ ಚಿಟಿಕೆಗಿಂತ ಜಾಸ್ತಿ ಬೇಡ. ತೋಟದಲ್ಲೇ ಸಿಗುತ್ತದೆ ಅಂತ ಇಡೀ ಕಾಯಿ ತುರಿದರೆ ತಲೆಸುತ್ತು, ವಾಂತಿ, ಎದೆಬಡಿತ ಬರಬಹುದು.

ಸಿಹಿಪುಡಿಗಳ ಬಗ್ಗೆ ಎರಡು ಮಾತು. ಎರಿಥ್ರಿಟಾಲಿಗೆ ಸಕ್ಕರೆಯ ಸುಮಾರು 70 ಶೇಕಡಾ ಸಿಹಿ. ದೇಹ ಅದನ್ನು ಬಳಸಿಕೊಳ್ಳುವುದೇ ಇಲ್ಲ ಅನ್ನಬಹುದು, ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿ ರಕ್ತದ ಸಕ್ಕರೆ ಏರುವುದಿಲ್ಲ. ಫ್ರಿಜ್ಜಿನಲ್ಲಿ ಇಟ್ಟರೆ ಮತ್ತೆ ಹರಳುಗಟ್ಟುತ್ತದೆ, ಅದಕ್ಕೇ ಪುಡಿಮಾಡಿ ಬಿಸಿಯಲ್ಲಿ ಕರಗಿಸುವುದು, ಪ್ರಮಾಣ ಮಿತಿಯಲ್ಲಿ ಇಡುವುದು. 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ ರಕ್ತದಲ್ಲಿ ಎರಿಥ್ರಿಟಾಲ್ ಜಾಸ್ತಿ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡಿತ್ತು. ಅದೇ ಕಾರಣ ಅಂತ ಅದರಿಂದ ಸಾಬೀತಾಗಿಲ್ಲ. ಆದರೂ ಸ್ಟೆಂಟ್ ಹಾಕಿಸಿಕೊಂಡವರಿಗೆ ನಾನು ಸ್ಟೀವಿಯಾ ಅಥವಾ ಸುಕ್ರಲೋಸ್ ಸಾಕು ಅನ್ನುತ್ತೇನೆ. ಆಸ್ಪರ್ಟೇಮ್ ಇರುವ ಗುಳಿಗೆ ಇಲ್ಲಿ ಆಗದು, ಬಿಸಿಗೆ ಸಿಹಿ ಹೋಗುತ್ತದೆ. ಸ್ಟೀವಿಯಾ ಪೊಟ್ಟಣ ಕೊಳ್ಳುವಾಗ ಹಿಂದೆ ಓದಿ. ಮಾಲ್ಟೊಡೆಕ್ಸ್‌ಟ್ರಿನ್ ಅಂತ ಮೊದಲೇ ಬರೆದಿದ್ದರೆ ಅದು ಪಿಷ್ಟದ ಪುಡಿ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುತ್ತದೆ.

ಇಷ್ಟೆಲ್ಲ ಮಾಡಿದ ಲೋಟದಲ್ಲಿ ಕ್ಯಾಲೊರಿ ಎಷ್ಟು ಗೊತ್ತಾ? ಸುಮಾರು 260. ಸಕ್ಕರೆ ಹಾಕಿದ ಲೋಟವೂ ಹೆಚ್ಚು ಕಡಿಮೆ ಅಷ್ಟೇ. ಸಕ್ಕರೆ ಹೋದ ಜಾಗಕ್ಕೆ ಕೊಬ್ಬು ಬಂತು, ಅದರಲ್ಲೂ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು. ಗ್ಲುಕೋಮೀಟರಿಗೆ ಒಳ್ಳೆಯದು, ತೂಕ ಇಳಿಸುವವರಿಗೆ ಲಾಭ ಇಲ್ಲ. ಪಿತ್ತಕೋಶದಲ್ಲಿ ಕಲ್ಲು ಇರುವವರು, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ತುಂಬಾ ಏರಿದವರು ಬಿಡುವುದೇ ಸರಿ. ಕಿಡ್ನಿ ತೊಂದರೆಗೆ ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿಸಿಕೊಂಡವರು ಕಾಯಿಹಾಲಿನ ಬಗ್ಗೆ ಮೊದಲು ಕೇಳಬೇಕು. ಉಳಿದವರಿಗೆ ಹಬ್ಬಕ್ಕೊಂದು ಸಣ್ಣ ಲೋಟ, ಸುಮಾರು 130 ಮಿಲಿ. ಪಕ್ಕದ ತಟ್ಟೆಯ ನೆವ್ರಿ, ಕುಲ್ಕುಲ್, ರೋಸ್ ಕುಕ್ಕಿಯನ್ನು ಲೆಕ್ಕ ತಪ್ಪಿಸಿ ತಿಂದರೆ ಲೋಟದಲ್ಲಿ ಉಳಿಸಿದ 26 ಗ್ರಾಂ ಹತ್ತು ನಿಮಿಷದಲ್ಲಿ ವಾಪಸ್ ಬರುತ್ತದೆ. ಇವೆಲ್ಲ ಮೈದಾ, ಅಕ್ಕಿಹಿಟ್ಟು, ಸಕ್ಕರೆಯ ತಿಂಡಿಗಳೇ ತಾನೇ.

ರಮ್ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಜೀವಕ್ಕೆ ತೊಂದರೆ ಬರುವುದು ಅಲ್ಲಿ. ರಮ್ಮಿನಲ್ಲಿ ಕಾರ್ಬ್ ಇಲ್ಲ. ಅದು ನಿಜ, ಅದೇ ಅಪಾಯ ಕೂಡ. ಹೊಟ್ಟೆ ಖಾಲಿ ಇರುವಾಗ ನಮ್ಮ ಲಿವರ್ ತಾನೇ ಗ್ಲುಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಾ ಇರುತ್ತದೆ. ಮದ್ಯ ಒಳಗೆ ಹೋದರೆ ಆ ಕೆಲಸಕ್ಕೆ ಅಡ್ಡಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕೆಳಗೆ ಕುಸಿಯಬಹುದು. ಕ್ರಿಸ್ಮಸ್ ಹಿಂದಿನ ರಾತ್ರಿಯ ಕ್ರಮ ನೋಡಿ. ಸಂಜೆಗೇ ಏನೋ ಚೂರು ತಿಂದು ಇಗರ್ಜಿಗೆ (ಚರ್ಚಿಗೆ) ಹೋಗುತ್ತಾರೆ, ಪೂಜೆ ಮುಗಿಸಿ ತಡರಾತ್ರಿ ಬಂದು ಖಾಲಿ ಹೊಟ್ಟೆಗೆ ಲೋಟ ಏರಿಸುತ್ತಾರೆ. ಗುಳಿಗೆ ಹೊಟ್ಟೆಯಲ್ಲಿದೆ, ಕಾರ್ಬ್ ಹೆಚ್ಚೇನೂ ಇಲ್ಲದ ಪಾನೀಯ ಮೇಲಿಂದ ಹೋಯಿತು. ಕುಸಿತ ಮರುದಿನ ಬೆಳಿಗ್ಗೆ ಕೂಡ ಬರಬಹುದು. ಡಾಪಾಗ್ಲಿಫ್ಲೋಜಿನ್ ಜಾತಿಯ (ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ) ಗುಳಿಗೆ ತೆಗೆದುಕೊಳ್ಳುವವರು ಹಬ್ಬಕ್ಕೆ ಅಂತ ಇಡೀ ದಿನ ಅನ್ನ ಬಿಟ್ಟು ಕುಡಿಯುವುದು ಬೇರೆಯೇ ಅಪಾಯ. ರಕ್ತದಲ್ಲಿ ಕೀಟೋನ್ (ದೇಹ ಕೊಬ್ಬು ಉರಿಸುವಾಗ ಹುಟ್ಟುವ ಆಮ್ಲ) ಏರಿ ಆಸ್ಪತ್ರೆ ಸೇರಬೇಕಾದೀತು, ಆಗ ಶುಗರ್ ಮಾತ್ರ ಅಷ್ಟೇನೂ ಏರಿರುವುದಿಲ್ಲ. ಗುಳಿಗೆ ಬಿಡುವುದೋ, ಪ್ರಮಾಣ ಬದಲಿಸುವುದೋ ನೀವೇ ತೀರ್ಮಾನಿಸಬೇಡಿ. ಹಬ್ಬಕ್ಕೆ ಒಂದು ವಾರ ಮೊದಲು ಚೀಟಿ ತೋರಿಸಿ ನಿಮ್ಮ ಡಾಕ್ಟರನ್ನೇ ಕೇಳಿ.

ಮನೆಯವರಿಗೂ ಇದು ಗೊತ್ತಿರಬೇಕು. ಸಕ್ಕರೆ ಕುಸಿದಾಗ ಮಾತು ತೊದಲುತ್ತದೆ, ಬೆವರುತ್ತದೆ, ಕಾಲು ತಡವರಿಸುತ್ತದೆ, ಸಿಟ್ಟು ಬರುತ್ತದೆ. ನೋಡಿದವರು "ಪೊರ್ಬುಗಳಿಗೆ ಸ್ವಲ್ಪ ಜಾಸ್ತಿಯಾಯಿತು, ಮಲಗಲಿ" ಅಂದುಬಿಡುತ್ತಾರೆ (ಪೊರ್ಬು ಅಂದರೆ ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಹೆಸರು). ಮಲಗಿಸಬೇಡಿ, ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ. ಆ ಹೊತ್ತಿಗೆ ಸ್ಟೀವಿಯಾ, ಎರಿಥ್ರಿಟಾಲ್ ಯಾವುದೂ ಕೆಲಸಕ್ಕೆ ಬಾರದು. ಹಾಗಾಗಿ ಶುಗರ್ ಇದ್ದವರ ಮನೆಯಲ್ಲೂ ಒಂದು ಸಣ್ಣ ಡಬ್ಬಿಯಲ್ಲಿ ಬಿಳಿ ಸಕ್ಕರೆ ಇರಲಿ, ಅದು ಎಲ್ಲಿದೆ ಅಂತ ಮಕ್ಕಳಿಗೂ ಗೊತ್ತಿರಲಿ.